ಚಾಕುವಿನ ಹುಚ್ಚು, ಉಕ್ಕಿನ ಒಗಟು

ಇಂಗ್ಲಿಷ್ ನಿಘಂಟುಗಳಲ್ಲಿ ‘ವೂಟ್ಸ್’ ಎಂಬ ಪದವೊಂದಿದೆ. ಭಾರತದಲ್ಲಿ ಮೂಸೆಯಲ್ಲಿಟ್ಟು ತಯಾರಿಸುತ್ತಿದ್ದ ಉತ್ತಮ ದರ್ಜೆಯ ಉಕ್ಕು ಎಂದು ಅದರ ಅರ್ಥ. ನಮ್ಮ ‘ಉಕ್ಕು’ ಎಂಬ ಮಾತೇ ಪರದೇಶಿಗಳ ಬಾಯಲ್ಲಿ, ಬರಹದಲ್ಲಿ ಸವೆದು ಹೀಗಾಯಿತು ಎಂಬುದು ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಅಭಿಪ್ರಾಯ. ಪದವೇನೋ ನಿಘಂಟಿನಲ್ಲಿ ಉಳಿಯಿತು. ಆ ಉಕ್ಕನ್ನು ಮಾಡುವ ವಿದ್ಯೆ ಮಾತ್ರ ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಹೆಚ್ಚುಕಡಿಮೆ ಅಳಿದುಹೋಯಿತು.

ಮೈಸೂರು, ಸೇಲಂ, ಗೋಲ್ಕೊಂಡ ಸೀಮೆಗಳ ಉಕ್ಕಿನ ಗಟ್ಟಿಗಳು ಹಡಗೇರಿ ಪಶ್ಚಿಮ ಏಷ್ಯಾಕ್ಕೆ ಹೋಗುತ್ತಿದ್ದ ಕಾಲವೊಂದಿತ್ತು. ಅಂಥ ಉಕ್ಕಿನಿಂದ ಮಾಡಿದ ಕತ್ತಿ, ಚೂರಿಗಳು ಯುರೋಪಿನವರ ಬಾಯಲ್ಲಿ ‘ಡಮಾಸ್ಕಸ್’ ಎಂದು ಹೆಸರಾದವು. ಅವುಗಳ ಅಲಗಿನ ಮೇಲೆ ನೀರಿನ ಅಲೆಯಂಥ ಚಿತ್ತಾರ ಕಾಣುತ್ತಿತ್ತು. ಅದು ಯಾರೂ ಬರೆದದ್ದಲ್ಲ, ಕೆತ್ತಿದ್ದಲ್ಲ, ಲೋಹದ ಒಳಗಿನಿಂದಲೇ ಮೂಡಿದ್ದು. ಹೇಗೆ ಮೂಡಿತು ಎಂಬ ಪ್ರಶ್ನೆ ಯುರೋಪಿನ ವಿಜ್ಞಾನಿಗಳನ್ನು ಸುಮಾರು ಇನ್ನೂರು ವರ್ಷ ಕಾಡಿತು. ಕೊನೆಗೆ ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಉತ್ತರದ ಹತ್ತಿರಕ್ಕೆ ಹೋದವರು ಇಬ್ಬರು. ಒಬ್ಬರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಇನ್ನೊಬ್ಬರು ಕುದುರೆಗಳಿಗೆ ಲಾಳ ಕಟ್ಟಿ ಜೀವನ ಮಾಡುತ್ತಿದ್ದವರು!

ಇದನ್ನು ಆಕಸ್ಮಿಕ ಎನ್ನುವಂತಿಲ್ಲ. ಚಾಕುವಿನ ಹುಚ್ಚು ಹತ್ತಿಸಿಕೊಂಡವರ ಚರಿತ್ರೆಯನ್ನು ನೋಡಿದರೆ, ಅವರಲ್ಲಿ ಅನೇಕರ ಹೊಟ್ಟೆಪಾಡು ಬೇರೆಯೇ ಆಗಿತ್ತು. ಕಿತ್ತಳೆ ಬೆಳೆಯುವವರು, ಹಾಲು ಕರೆಯುವವರು, ಹಡಗಿನಲ್ಲಿ ದುಡಿಯುವವರು ಅಲಗಿನ ವಿದ್ಯೆಯನ್ನು ಕಾಪಾಡಿದ್ದಾರೆ. ಈ ಸಾಲಿನ ಆರಂಭದಲ್ಲಿ ನಮ್ಮ ಮಾಗಡಿ ಸೀಮೆಯ ರೈತರೂ ಇದ್ದಾರೆ.

ಹೊಲದಿಂದ ಕುಲುಮೆಗೆ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಗೆದ್ದ ನಾಡಿನಲ್ಲಿ ಏನೇನಿದೆ ಎಂದು ತಿಳಿಯುವ ಆಸೆ ಈಸ್ಟ್ ಇಂಡಿಯಾ ಕಂಪನಿಗೆ ಹುಟ್ಟಿತು. ಅದಕ್ಕಾಗಿ ಗವರ್ನರ್ ಜನರಲ್ ವೆಲ್ಲೆಸ್ಲಿ ಕಳುಹಿಸಿದ ವ್ಯಕ್ತಿ ಫ್ರಾನ್ಸಿಸ್ ಬುಕಾನನ್. ವೃತ್ತಿಯಿಂದ ವೈದ್ಯ, ಆಸಕ್ತಿಯಿಂದ ಸಸ್ಯಶಾಸ್ತ್ರಜ್ಞ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಆತ, ಬೆಳೆ, ಜಾತಿ, ಕಸುಬು, ಕೂಲಿ ಎಲ್ಲವನ್ನೂ ಬರೆದಿಟ್ಟುಕೊಂಡ. ಮಾಗಡಿಯ ಆಸುಪಾಸಿನಲ್ಲಿ ಉಕ್ಕು ತಯಾರಿಸುವ ಕ್ರಮವನ್ನೂ ಬರೆದ. 1807ರಲ್ಲಿ ಆ ಪ್ರವಾಸ ಕಥನ ಲಂಡನ್ನಿನಲ್ಲಿ ಅಚ್ಚಾಯಿತು.

ಕ್ರಮ ಕೇಳಲು ಸರಳ. ಜೇಡಿಮಣ್ಣಿನ ಸಣ್ಣ ಮೂಸೆ. ಅದರೊಳಗೆ ಕಬ್ಬಿಣದ ತುಂಡು, ಜೊತೆಗೆ ತೂಕ ಮಾಡಿದ ತಂಗಡಿ ಗಿಡದ ಕಡ್ಡಿ, ಮೇಲೆರಡು ಹಸಿರೆಲೆ. ಬಾಯಿ ಮುಚ್ಚಿ ಇದ್ದಿಲ ಬೆಂಕಿಯಲ್ಲಿಟ್ಟು ತಿದಿಯೊತ್ತಬೇಕು. ಕಡ್ಡಿ, ಎಲೆಗಳು ಸುಟ್ಟು ಇಂಗಾಲವಾಗಿ ಕಬ್ಬಿಣದೊಳಗೆ ಸೇರುತ್ತವೆ. ಇಂಗಾಲ ಸೇರಿದ ಕಬ್ಬಿಣ ಕಡಿಮೆ ಶಾಖಕ್ಕೇ ಕರಗುತ್ತದೆ. ತಣಿದ ಮೇಲೆ ಮೂಸೆ ಒಡೆದರೆ ಉಕ್ಕಿನ ಗಟ್ಟಿ ಸಿಗುತ್ತದೆ.

ಕೆಲಸಗಾರರ ಬಗ್ಗೆ ಬುಕಾನನ್ ಬರೆದಿರುವುದು ಇನ್ನೂ ಸ್ವಾರಸ್ಯಕರ. ಒಂದು ಕುಲುಮೆಗೆ ಒಬ್ಬ ಮುಖ್ಯಸ್ಥ. ಮೂಸೆ ಮಾಡುವುದು, ತುಂಬುವುದು, ಒಡೆಯುವುದು ಅವನ ಕೆಲಸ. ಅವನ ಕೈಕೆಳಗೆ ಮೂವರಂತೆ ನಾಲ್ಕು ತಂಡ. ಪ್ರತಿ ತಂಡದಲ್ಲಿ ಒಬ್ಬ ಬೆಂಕಿ ನೋಡಿಕೊಳ್ಳುವವ, ಇಬ್ಬರು ತಿದಿಯೊತ್ತುವವರು. ತಂಡಗಳು ಸರದಿಯ ಮೇಲೆ ದುಡಿಯುತ್ತಿದ್ದವು. ಇವರೆಲ್ಲ ಬೇಸಾಯಗಾರರು, ಕುಲುಮೆಯಿಂದ ಬಿಡುವಾದಾಗ ಹೊಲ ನೋಡಿಕೊಳ್ಳುತ್ತಾರೆ ಎಂದೂ ಆತ ಹೇಳುತ್ತಾನೆ. ಅಂದರೆ ಯುರೋಪಿನ ವಿದ್ವತ್ ಸಭೆಗಳಲ್ಲಿ ಚರ್ಚೆಯಾಗುತ್ತಿದ್ದ ಉಕ್ಕನ್ನು ಮಾಡುತ್ತಿದ್ದವರು ನೇಗಿಲು ಹಿಡಿದ ಕೈಯವರೇ. ಅವರಾರ ಹೆಸರೂ ನಮಗೆ ಉಳಿದಿಲ್ಲ.

ಲಂಡನ್ನಿನ ಚಾಕು ಅಂಗಡಿ

ಬುಕಾನನ್ ಬರುವ ಮೊದಲೇ ಈ ಉಕ್ಕು ಲಂಡನ್ ತಲುಪಿತ್ತು. 1794ರಲ್ಲಿ ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್, ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಅದರ ಮಾದರಿಗಳನ್ನು ಕಳುಹಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ಎಂಬ ಇನ್ನೊಬ್ಬ ವೈದ್ಯ ಅದರ ಮೇಲೆ ಪ್ರಬಂಧ ಓದಿದ. ಆದರೆ ಉಕ್ಕನ್ನು ಬಡಿದು ನೋಡದೆ ಅದರ ಗುಣ ಹೇಳುವುದು ಹೇಗೆ? ಆ ಕೆಲಸ ಬಿದ್ದದ್ದು ಜೇಮ್ಸ್ ಸ್ಟೋಡಾರ್ಟ್ ಎಂಬ ಕುಶಲಕರ್ಮಿಯ ಪಾಲಿಗೆ. ಶಸ್ತ್ರವೈದ್ಯರ ಉಪಕರಣ, ಕ್ಷೌರದ ಕತ್ತಿ, ಚಾಕುಗಳನ್ನು ಮಾಡಿ ಮಾರುವುದು ಆತನ ವ್ಯಾಪಾರ. ಬ್ಯಾಂಕ್ಸ್ ಕೋರಿಕೆಯಂತೆ ಆತ ಭಾರತದ ಉಕ್ಕಿನಿಂದ ಒಂದು ಚಾಕು ಮಾಡಿಕೊಟ್ಟ. ಗರಿಯ ಲೇಖನಿಯನ್ನು ಹೆರೆಯುವ ಪುಟ್ಟ ಚಾಕು ಅದು.

ಆ ಚಾಕು ಸ್ಟೋಡಾರ್ಟ್‌ನ ತಲೆ ಕೆಡಿಸಿತೆನ್ನಬೇಕು. ಯುರೋಪಿನ ಅತ್ಯುತ್ತಮ ಉಕ್ಕಿಗಿಂತ ಭಾರತದ ಉಕ್ಕೇ ತನಗೆ ಮೆಚ್ಚು ಎಂದು ಆತ ತನ್ನ ಅಂಗಡಿಯ ಚೀಟಿಯಲ್ಲೇ ಅಚ್ಚು ಹಾಕಿಸಿದ. ಅದರ ಗುಟ್ಟು ತಿಳಿಯಲು ಮುಂದೆ ಒಬ್ಬ ಯುವಕನ ಜೊತೆಗೂಡಿದ. ಆ ಯುವಕ ಕಮ್ಮಾರನ ಮಗ. ಪುಸ್ತಕಕ್ಕೆ ರಟ್ಟು ಕಟ್ಟುವವರಲ್ಲಿ ಕೆಲಸ ಕಲಿತು, ಆಮೇಲೆ ಪ್ರಯೋಗಶಾಲೆಯ ಸಹಾಯಕನಾಗಿ ಸೇರಿದ್ದವನು. ಹೆಸರು ಮೈಕೆಲ್ ಫ್ಯಾರಡೆ. ವಿದ್ಯುತ್ತಿನ ಮಹಾಶೋಧಗಳಿಗೆ ಮುಂಚೆ ಫ್ಯಾರಡೆ 1819ರಲ್ಲಿ ನಮ್ಮ ಉಕ್ಕನ್ನು ವಿಶ್ಲೇಷಿಸಿದ. 1820 ಮತ್ತು 1822ರಲ್ಲಿ ಇಬ್ಬರೂ ಸೇರಿ ಉಕ್ಕಿನ ಮಿಶ್ರಲೋಹಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು. ಗುಟ್ಟು ಸಿಲಿಕಾ, ಅಲ್ಯುಮಿನಾಗಳಲ್ಲಿದೆ ಎಂದು ಫ್ಯಾರಡೆ ಊಹಿಸಿದ್ದು ತಪ್ಪಾಗಿತ್ತು. ಆದರೆ ಉಕ್ಕಿಗೆ ಬೇರೆ ಲೋಹ ಬೆರೆಸಿ ಗುಣ ಬದಲಿಸುವ ಶಾಸ್ತ್ರಕ್ಕೆ ಆ ಪ್ರಯೋಗಗಳು ದಾರಿ ಮಾಡಿಕೊಟ್ಟವು. 1823ರಲ್ಲಿ ಸ್ಟೋಡಾರ್ಟ್ ತೀರಿಕೊಂಡ. ಫ್ಯಾರಡೆಯ ಗಮನ ಬೇರೆಡೆಗೆ ತಿರುಗಿತು.

1856ರಲ್ಲಿ ಬೆಸ್ಸೆಮರ್ ವಿಧಾನ ಬಂದ ಮೇಲೆ ಉಕ್ಕು ಅಗ್ಗವಾಯಿತು. ಇಂಗ್ಲೆಂಡಿನ ಸರಕು ಇಲ್ಲಿನ ಸಂತೆಗಳಿಗೂ ಬಂತು. ಅರಣ್ಯ ಕಾಯಿದೆಗಳಿಂದ ಇದ್ದಿಲಿಗೆ ಮರ ಕಡಿಯುವುದು ಕಷ್ಟವಾಯಿತು. ಕುಲುಮೆಗಳು ಒಂದೊಂದಾಗಿ ಆರಿದವು.

ಕಿತ್ತಳೆ ತೋಟದ ಯಜಮಾನ

ಕಾರ್ಖಾನೆಯ ಚಾಕು ಎಲ್ಲ ಕಡೆ ಬಂದ ಮೇಲೆ, ಕೈಯಿಂದ ಬಡಿದ ಅಲಗು ಯಾರಿಗೂ ಬೇಡವಾಯಿತು. ಅದಕ್ಕೆ ಮತ್ತೆ ಬೆಲೆ ತಂದವರು ಇಪ್ಪತ್ತನೆಯ ಶತಮಾನದ ಅಮೆರಿಕದ ಕೆಲವು ಹವ್ಯಾಸಿಗಳು.

ಫ್ಲಾರಿಡಾದ ಆರ್ಲೆಂಡೊದಲ್ಲಿ ಕಿತ್ತಳೆ ತೋಟಗಳಿದ್ದ ‘ಬೋ’ ರ್‍ಯಾಂಡಲ್ 1937ರಲ್ಲಿ ಮಿಷಿಗನ್ನಿಗೆ ಹೋಗಿದ್ದರು. ಅಲ್ಲೊಬ್ಬ ದೋಣಿಯ ಹಳೇ ಬಣ್ಣವನ್ನು ಚಾಕುವಿನಿಂದ ಕೆರೆಯುತ್ತಿದ್ದ. ಅಷ್ಟಾದರೂ ಅಲಗಿಗೆ ಏನೂ ಆಗಿರಲಿಲ್ಲ. ವಿಲಿಯಂ ಸ್ಕಾಗೆಲ್ ಎಂಬ ಕುಶಲಿ ಕೈಯಿಂದ ಮಾಡಿದ ಚಾಕು ಅದು. ರ್‍ಯಾಂಡಲ್ ಅದನ್ನು ಕೊಂಡುಕೊಂಡರು. ಊರಿಗೆ ಬಂದು ತಾವೇ ಮಾಡತೊಡಗಿದರು. ಎರಡನೆಯ ಮಹಾಯುದ್ಧ ಬಂದಾಗ ಸೈನಿಕರಿಂದ ಬೇಡಿಕೆ ಹೆಚ್ಚಿ, ಹವ್ಯಾಸವೇ ಉದ್ಯಮವಾಯಿತು.

1950ರ ದಶಕದ ಆರಂಭದಲ್ಲಿ ಬಾಬ್ ಲವ್‌ಲೆಸ್ ಎಂಬ ತರುಣ ನಾವಿಕ ನ್ಯೂಯಾರ್ಕಿನ ಅಂಗಡಿಯಲ್ಲಿ ರ್‍ಯಾಂಡಲ್ ಚಾಕು ಕೇಳಿದರು. ಒಂಬತ್ತು ತಿಂಗಳು ಕಾಯಬೇಕು ಎಂಬ ಉತ್ತರ ಬಂತು. ಲವ್‌ಲೆಸ್ ಕಾಯಲಿಲ್ಲ. ಗುಜರಿಯಿಂದ ಹಳೇ ಪ್ಯಾಕಾರ್ಡ್ ಕಾರಿನ ಸ್ಪ್ರಿಂಗ್ ಪಟ್ಟಿ ತಂದು, ಹಡಗಿನ ಅಡುಗೆಮನೆಯ ಒಲೆಯಲ್ಲಿ ಕಾಯಿಸಿ, ಬಡಿದು ಚಾಕು ಮಾಡಿಕೊಂಡರು. ಮುಂದೆ ಅವರ ಚಾಕುಗಳಿಗೆ ಸಂಗ್ರಾಹಕರು ಮುಗಿಬೀಳುವ ಕಾಲ ಬಂತು.

ಮೇರಿಲ್ಯಾಂಡಿನ ಬಿಲ್ ಮೊರಾನ್ ಹೈನುಗಾರಿಕೆಯ ಮನೆತನದವರು. ದನದ ಕೆಲಸದ ನಡುವೆಯೇ ಅಲಗು ಬಡಿಯುವುದನ್ನು ಕಲಿತು, ಕೊನೆಗೆ ಜಮೀನು ಮಾರಿ ಪೂರ್ತಿ ಅದರಲ್ಲೇ ತೊಡಗಿದರು. 1973ರಲ್ಲಿ ಕನ್ಸಾಸ್ ಸಿಟಿಯ ಪ್ರದರ್ಶನವೊಂದರಲ್ಲಿ ಚಿತ್ತಾರದ ಅಲಗಿನ ಚಾಕುಗಳನ್ನಿಟ್ಟು ನೋಡಿದವರನ್ನು ಬೆರಗುಗೊಳಿಸಿದರು. ಎರಡು ಬಗೆಯ ಉಕ್ಕನ್ನು ಚಿರೋಟಿಯ ಹಾಗೆ ಪದರ ಪದರವಾಗಿ ಮಡಿಸಿ ಬೆಸೆದು ಮಾಡಿದ ಚಿತ್ತಾರ ಅದು. ಮೊರಾನ್ ಆ ವಿದ್ಯೆಯನ್ನು ಬಚ್ಚಿಡದೆ ಕೇಳಿದವರಿಗೆಲ್ಲ ಹೇಳಿಕೊಟ್ಟರು. 1976ರಲ್ಲಿ ಗೆಳೆಯರೊಂದಿಗೆ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಕಟ್ಟಿದರು.

ಈ ಸೊಸೈಟಿಯ ಪರೀಕ್ಷೆ ಕೇಳುವಂಥದ್ದು. ಅಭ್ಯರ್ಥಿ ತಾನೇ ಮಾಡಿದ ಚಾಕು ತರಬೇಕು. ತೂಗುಬಿಟ್ಟ ಒಂದು ಅಂಗುಲ ದಪ್ಪದ ಹಗ್ಗವನ್ನು ಒಂದೇ ಏಟಿಗೆ ತುಂಡರಿಸಬೇಕು. ಮರದ ರೀಪನ್ನು ಎರಡು ಸಲ ಕಡಿದು ತುಂಡು ಮಾಡಬೇಕು. ಅದಾದ ಮೇಲೂ ಅದೇ ಅಲಗಿನಿಂದ ಕೈಮೇಲಿನ ರೋಮ ಬೋಳಿಸಬೇಕು. ಕೊನೆಗೆ ಚಾಕುವನ್ನು ಇಕ್ಕಳದಲ್ಲಿ ಸಿಕ್ಕಿಸಿ 90 ಡಿಗ್ರಿ ಬಗ್ಗಿಸಿದರೂ ಮುರಿಯಬಾರದು. ಬಾಯಿ ಗಡಸಾಗಿ, ಬೆನ್ನು ಮಿದುವಾಗಿ ಹದ ಹಾಕಿದವನಿಗೆ ಮಾತ್ರ ಇದು ಸಾಧ್ಯ. ಅಭ್ಯರ್ಥಿಯ ಓದು, ಉದ್ಯೋಗಗಳು ಇಲ್ಲಿ ಲೆಕ್ಕಕ್ಕಿಲ್ಲ.

ಲಾಳ ಕಟ್ಟುವವರು, ಪ್ರಾಧ್ಯಾಪಕರು

ಮೊರಾನ್ ತೋರಿಸಿದ್ದು ಬೆಸೆದು ಮಾಡಿದ ಚಿತ್ತಾರ. ನಮ್ಮ ಉಕ್ಕಿನದು ಹಾಗಲ್ಲ, ಒಂದೇ ಗಟ್ಟಿಯೊಳಗಿಂದ ತಾನಾಗಿ ಮೂಡುವಂಥದ್ದು. ಅದನ್ನು ಮತ್ತೆ ಸಾಧಿಸಬೇಕೆಂದು ಹಟ ಹಿಡಿದವರು ಫ್ಲಾರಿಡಾದ ಆಲ್ಫ್ರೆಡ್ ಪೆಂಡ್ರೆ. ಕಸುಬು ಕುದುರೆಗಳಿಗೆ ಲಾಳ ಕಟ್ಟುವುದು, ಗೀಳು ಚಾಕುವಿನದು. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಲೋಹಶಾಸ್ತ್ರದ ಪ್ರಾಧ್ಯಾಪಕ ಜಾನ್ ವರ್ಹೋವೆನ್ ಅವರಿಗೆ ಜೊತೆಯಾದರು. ಪೆಂಡ್ರೆ ಮೂಸೆ ತುಂಬಿ, ಕರಗಿಸಿ, ಬಡಿದು ಅಲಗು ಮಾಡುವರು. ವರ್ಹೋವೆನ್ ಅದನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವರು. ಹೀಗೆ ವರ್ಷಗಟ್ಟಲೆ ನಡೆಯಿತು. ಪೆಂಡ್ರೆಯವರ ಮೂಸೆಗೂ ಕಬ್ಬಿಣ, ಇದ್ದಿಲು, ಗಾಜಿನ ಚೂರಿನ ಜೊತೆ ಹಸಿರೆಲೆ ಬೀಳುತ್ತಿತ್ತು. ಮಾಗಡಿಯಲ್ಲಿ ಬುಕಾನನ್ ಕಂಡದ್ದೂ ಮೂಸೆಗೆ ಹಾಕುವ ಹಸಿರೆಲೆಯನ್ನೇ.

ಈ ಉಕ್ಕಿನಲ್ಲಿ ಇಂಗಾಲ ಸುಮಾರು ಶೇಕಡಾ 1.5ರಷ್ಟಿರುತ್ತದೆ. ಹೆಚ್ಚು ಕಾಯಿಸಿ ಬಡಿದರೆ ಪುಡಿಯಾಗುತ್ತದೆ, ಕಡಿಮೆ ಕಾಯಿಸಿದರೆ ಬಿರುಕು ಬಿಡುತ್ತದೆ. ಕಾದ ಲೋಹದ ಬಣ್ಣ ನೋಡಿ ಶಾಖ ಅಳೆಯುವ ಕಣ್ಣು, ಏಟಿನ ಬಿರುಸು ತಿಳಿದ ಕೈ ಇದಕ್ಕೆ ಬೇಕು. ಅವೆರಡೂ ಪೆಂಡ್ರೆಯವರಲ್ಲಿದ್ದವು. ಆದರೂ ಚಿತ್ತಾರ ಕೆಲವು ಗಟ್ಟಿಗಳಲ್ಲಿ ಮೂಡುತ್ತಿತ್ತು, ಕೆಲವುದರಲ್ಲಿ ಇಲ್ಲ. ವ್ಯತ್ಯಾಸ ಎಲ್ಲಿದೆ ಎಂದು ಹುಡುಕಿದಾಗ ಸಿಕ್ಕಿದ್ದು ಕಬ್ಬಿಣದಲ್ಲಿದ್ದ ಲೇಶಮಾತ್ರ ವೆನೇಡಿಯಂ. ಅಂಥ ಕಲ್ಮಷ ಒಂದಿಷ್ಟಿದ್ದರೆ, ಮತ್ತೆ ಮತ್ತೆ ಕಾಯಿಸಿ ಬಡಿಯುವಾಗ ಕಬ್ಬಿಣ ಮತ್ತು ಇಂಗಾಲದ ಗಡಸು ಕಣಗಳು ಸಾಲುಗಟ್ಟುತ್ತವೆ. ಆಮ್ಲ ಸವರಿದಾಗ ಅಲೆಯಾಗಿ ಕಾಣುವುದು ಆ ಸಾಲುಗಳೇ. 1998ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಪ್ರಾಧ್ಯಾಪಕರ ಹೆಸರಿನ ಪಕ್ಕದಲ್ಲೇ ಲಾಳ ಕಟ್ಟುವವರ ಹೆಸರೂ ಇತ್ತು.

ಈ ಸಂಶೋಧನೆ ಇನ್ನೊಂದು ಪ್ರಶ್ನೆಗೂ ಬೆಳಕು ಚೆಲ್ಲಿತು. ವಿದ್ಯೆ ಅಳಿದದ್ದೇಕೆ? ಅಗ್ಗದ ಉಕ್ಕು, ಕಾಡಿನ ಕಾಯಿದೆಗಳ ಜೊತೆಗೆ ವರ್ಹೋವೆನ್ ಇನ್ನೊಂದು ಸಾಧ್ಯತೆ ಮುಂದಿಟ್ಟರು. ಅದಿರು ಬರುವ ಜಾಗ ಬದಲಾಗಿ, ಬೇಕಾದ ಕಲ್ಮಷವಿಲ್ಲದ ಅದಿರು ಬಂದಿದ್ದರೆ, ಅದೇ ಮೂಸೆ, ಅದೇ ಎಲೆ, ಅದೇ ಕೈ ಇದ್ದರೂ ಚಿತ್ತಾರ ಮೂಡುತ್ತಿರಲಿಲ್ಲ. ಏಕೆಂದು ತಿಳಿಯುವ ಉಪಾಯ ಕಮ್ಮಾರನಿಗಿರಲಿಲ್ಲ. ತಾನೇ ಎಲ್ಲೋ ತಪ್ಪಿದೆ ಎಂದುಕೊಂಡು ಆತ ಮಗನಿಗೆ ಕಲಿಸುವುದನ್ನೇ ಬಿಟ್ಟಿರಬಹುದು.

ಬರೆದವರು, ಬರೆಯದವರು

ಬೆಂಗಳೂರಿನ ಸಂಶೋಧಕರಾದ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ 2004ರಲ್ಲಿ ಈ ಉಕ್ಕಿನ ಮೇಲೆ ಪುಸ್ತಕವೊಂದನ್ನು ಹೊರತಂದರು. ದಕ್ಷಿಣ ಭಾರತದ ಹಳೆಯ ಕುಲುಮೆಗಳ ನೆಲೆಗಳನ್ನು ಹುಡುಕಿ, ಮೂಸೆಯ ಚೂರುಗಳನ್ನು ಪರೀಕ್ಷಿಸಿದ ಕೆಲಸ ಅದರ ಹಿಂದಿದೆ. ಇಂಥ ಪ್ರಯತ್ನಗಳಿಂದ ನಮ್ಮ ಉಕ್ಕಿನ ಹೆಮ್ಮೆ ನಮಗೆ ಮರಳಿದೆ.

ಆದರೆ ಹೆಮ್ಮೆಯ ಜೊತೆಗೆ ಒಂದು ಮಾತನ್ನು ಮರೆಯಬಾರದು. ಅಮೆರಿಕದ ಹವ್ಯಾಸಿಗಳಿಗೆ ಪ್ರದರ್ಶನಗಳಿದ್ದವು, ಸಂಘವಿತ್ತು, ಕಲಿತದ್ದನ್ನು ಅಚ್ಚು ಹಾಕುವ ಅನುಕೂಲವಿತ್ತು. ಲಾಳ ಕಟ್ಟುವವರ ಪಕ್ಕ ಕುಳಿತು ಅವರ ಕೈಯ ಅರಿವನ್ನು ಕಾಗದಕ್ಕಿಳಿಸುವ ಪ್ರಾಧ್ಯಾಪಕರಿದ್ದರು. ಮಾಗಡಿಯ ಕುಲುಮೆಯವರ ಮುಂದೆ ಕುಳಿತು ಬರೆದುಕೊಂಡವನು ಗೆದ್ದ ಕಂಪನಿಯ ನೌಕರ, ಅದೂ ದಾರಿಹೋಕನಾಗಿ. ನಮ್ಮ ನಾಡಿನಲ್ಲಿ ಓದುಬಲ್ಲವರು ಕುಲುಮೆಯ ಹತ್ತಿರ ಹೋದದ್ದು ಕಡಿಮೆ. ಕುಲುಮೆಯವರಿಗೆ ಓದುಬರಹ ದಕ್ಕಿದ್ದು ಇನ್ನೂ ಕಡಿಮೆ.

ಇಂದಿಗೂ ನಮ್ಮ ಸಂತೆಗಳಲ್ಲಿ ಕುಡುಗೋಲು, ಮಚ್ಚು, ಈಳಿಗೆಮಣೆಗಳನ್ನು ಮಾಡಿ ಮಾರುವವರಿದ್ದಾರೆ. ಲಾರಿಯ ಹಳೇ ಪಟ್ಟಿಯನ್ನು ಕಾಯಿಸಿ ಹದ ಹಾಕುವುದು ಅವರಿಗೆ ಗೊತ್ತು. ಯಾವ ಬಣ್ಣಕ್ಕೆ ನೀರಿಗೆ ಅದ್ದಬೇಕು, ಯಾವ ಪಟ್ಟಿ ಬಾಯಿ ನಿಲ್ಲುತ್ತದೆ ಎಂಬ ಅರಿವು ಅವರ ಕೈಯಲ್ಲಿದೆ. ಅದನ್ನು ಕೇಳಿ ಬರೆದಿಟ್ಟುಕೊಳ್ಳಲು ಮತ್ತೊಬ್ಬ ಬುಕಾನನ್ ಬರಬೇಕಾಗಿಲ್ಲ. ಪಕ್ಕದ ಶಾಲೆಯ ಮೇಷ್ಟ್ರೇ ಸಾಕು.