ಗೆದ್ದ ಸಿ.ಡಿ., ಸೋತ ಸಿ.ಡಿ.



ನಿಮ್ಮ ಮನೆಯ ಬೀರುವಿನ ಮೇಲಿನ ಅರೆಯನ್ನು ಒಮ್ಮೆ ತಡಕಾಡಿ ನೋಡಿ. ಹಳೆಯ ಮದುವೆ ಆಲ್ಬಮ್ಮಿನ ಪಕ್ಕದಲ್ಲಿ ಎರಡೋ ಮೂರೋ ಸಿ.ಡಿ.ಗಳು ಸಿಕ್ಕೇ ಸಿಗುತ್ತವೆ. ನಮ್ಮ ಮನೆಯಲ್ಲೂ ಸಿಕ್ಕಿದವು. 2004ರಲ್ಲಿ ನಡೆದ ನಮ್ಮ ಆಪಾ ಅವರ ನಿಕಾಹ್‌ನ ವಿ.ಸಿ.ಡಿ. ಅದು. ಈಗ ನಮ್ಮೊಂದಿಗಿಲ್ಲದ ದಾದಿಯವರು ಅದರಲ್ಲಿ ಒಂದು ನಿಮಿಷ ಮಾತನಾಡುತ್ತಾರೆ. ಅವರ ದನಿ ಬೇರೆಲ್ಲೂ ಉಳಿದಿಲ್ಲ. ಕಳೆದ ವರ್ಷ ಅದನ್ನು ನೋಡೋಣವೆಂದು ಹೊರಟರೆ ಮನೆಯಲ್ಲಿ ಅದನ್ನು ಹಾಕುವ ಯಂತ್ರವೇ ಇರಲಿಲ್ಲ. ಶಾಲೆಗೆ ಒಯ್ದು ಎಂಟನೆಯ ತರಗತಿಯ ಮಕ್ಕಳಿಗೆ ತೋರಿಸಿದಾಗ ಒಬ್ಬ ಹುಡುಗ, “ಸಾರ್, ತೋಟದಲ್ಲಿ ಹಕ್ಕಿ ಓಡಿಸೋಕೆ ಕಟ್ತಾರಲ್ಲ, ಅದೇ ತಾನೆ ಇದು?” ಎಂದು ಕೇಳಿದ.

ಎಲ್ಲರೂ ನಕ್ಕೆವು. ಆದರೆ ಆ ಮಗುವಿನ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಅಂಗೈಯಗಲದ ಈ ಬಿಲ್ಲೆಗಾಗಿ ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ವರ್ಷಾನುಗಟ್ಟಲೆ ಕಾದಾಡಿವೆ. ಆ ಕಾದಾಟದ ಫಲಿತಾಂಶ ಪೀಣ್ಯ, ದಾಸರಹಳ್ಳಿ, ಲಗ್ಗೆರೆಯ ಬಾಡಿಗೆ ಮನೆಗಳಲ್ಲೂ ಕಾಣಿಸಿತು. ಯಾವುದು ಗೆದ್ದಿತು, ಏಕೆ ಗೆದ್ದಿತು, ಗೆದ್ದದ್ದು ಎಲ್ಲಿಗೆ ಹೋಯಿತು ಎಂಬುದನ್ನು ತಿಳಿದರೆ ಇಂದು ನಮ್ಮ ಕೈಯಲ್ಲಿರುವ ಮೊಬೈಲಿನ ಬಗ್ಗೆಯೂ ಒಂದು ಪಾಠ ಸಿಗುತ್ತದೆ.

ಬಿಲ್ಲೆಗಿಂತ ಮೊದಲು ಟೇಪು

ಮನೆಯಲ್ಲಿ ಸಿನಿಮಾ ನೋಡುವ ಮೊದಲ ಪೈಪೋಟಿ ಟೇಪುಗಳದ್ದು. ಸೋನಿ ಕಂಪನಿ 1975ರಲ್ಲಿ ಬೀಟಾಮ್ಯಾಕ್ಸ್ ತಂದಿತು. ಮರುವರ್ಷವೇ ಜೆ.ವಿ.ಸಿ. ಕಂಪನಿ ವಿ.ಎಚ್.ಎಸ್. ತಂದಿತು. ಮೊದಲಿನ ಬೀಟಾಮ್ಯಾಕ್ಸ್ ಟೇಪಿನಲ್ಲಿ ಒಂದು ಗಂಟೆ ಮಾತ್ರ ಹಿಡಿಯುತ್ತಿತ್ತು, ವಿ.ಎಚ್.ಎಸ್.ನಲ್ಲಿ ಎರಡು ಗಂಟೆ. ಇದಲ್ಲದೆ ಜೆ.ವಿ.ಸಿ. ತನ್ನ ತಂತ್ರವನ್ನು ಬೇರೆ ಕಂಪನಿಗಳಿಗೂ ಧಾರಾಳವಾಗಿ ಕೊಟ್ಟಿತು. ಗೆದ್ದದ್ದು ವಿ.ಎಚ್.ಎಸ್.

1978ರಲ್ಲಿ ಅಮೆರಿಕದಲ್ಲಿ ಲೇಸರ್ ಡಿಸ್ಕ್ ಬಂದಿತು. ಊಟದ ತಟ್ಟೆಯಷ್ಟು ಅಗಲ, 30 ಸೆಂಟಿಮೀಟರ್. ಆರ್.ಸಿ.ಎ. ಕಂಪನಿ 1981ರಲ್ಲಿ ಗ್ರಾಮಫೋನಿನಂತೆ ಮುಳ್ಳಿನಿಂದ ಓದುವ ವಿಡಿಯೋ ಬಿಲ್ಲೆ ತಂದು, ನಷ್ಟ ತಾಳಲಾರದೆ 1984ರಲ್ಲಿ ಕೈಬಿಟ್ಟಿತು. ಇವೆರಡೂ ನಮ್ಮ ಮಧ್ಯಮ ವರ್ಗದ ಮನೆಗಳವರೆಗೆ ಬರಲಿಲ್ಲ. ನಮ್ಮಲ್ಲಿ 1982ರ ಏಷ್ಯಾಡ್ ಕ್ರೀಡೆಗಳೊಂದಿಗೆ ಬಣ್ಣದ ಟಿ.ವಿ. ಬಂದಿತು, ಅದರ ಹಿಂದೆಯೇ ವಿ.ಸಿ.ಆರ್. ಬಂದಿತು. ಅದನ್ನು ಕೊಳ್ಳುವವರು ಕಡಿಮೆ. ಶನಿವಾರ ರಾತ್ರಿಗೆ ಬಾಡಿಗೆಗೆ ತಂದು, ಬೀದಿಯವರೆಲ್ಲ ಕೂತು ಬೆಳಗಿನವರೆಗೆ ಮೂರು ಸಿನಿಮಾ ನೋಡುವುದು ವಾಡಿಕೆಯಾಗಿತ್ತು.

ಪಶ್ಚಿಮದಲ್ಲಿ ಸೋತು ಪೂರ್ವದಲ್ಲಿ ಗೆದ್ದದ್ದು

1993ರಲ್ಲಿ ಫಿಲಿಪ್ಸ್, ಸೋನಿ, ಮತ್ಸುಷಿತಾ, ಜೆ.ವಿ.ಸಿ. ಎಂಬ ನಾಲ್ಕು ಕಂಪನಿಗಳು ಸೇರಿ ವಿಡಿಯೋ ಸಿ.ಡಿ.ಯ ನಿಯಮಗಳನ್ನು ಗೊತ್ತುಮಾಡಿದವು. ಹಾಡಿನ ಸಿ.ಡಿ.ಯದೇ ಬಿಲ್ಲೆ, 12 ಸೆಂಟಿಮೀಟರ್ ಅಗಲ. ಅದರಲ್ಲಿ ಚಿತ್ರವನ್ನು ಒತ್ತಿ ತುಂಬಿದರೆ 74 ನಿಮಿಷ ಹಿಡಿಯುತ್ತಿತ್ತು. ಅದೇ ವರ್ಷ ಚೀನಾದ ಹೆಫೈ ನಗರದಲ್ಲಿ ಮನೆಬಳಕೆಯ ವಿ.ಸಿ.ಡಿ. ಪ್ಲೇಯರ್ ತಯಾರಾಯಿತು.

ಅಮೆರಿಕ, ಯುರೋಪಿನ ಜನ ಇದನ್ನು ಒಪ್ಪಲಿಲ್ಲ. ಅಲ್ಲಿ ಮನೆಮನೆಯಲ್ಲೂ ವಿ.ಎಚ್.ಎಸ್. ಇತ್ತು. ಅದರಲ್ಲಿ ಟಿ.ವಿ. ಕಾರ್ಯಕ್ರಮವನ್ನು ರೆಕಾರ್ಡ್ ಮಾಡಬಹುದಿತ್ತು, ವಿ.ಸಿ.ಡಿ.ಯಲ್ಲಿ ಆಗುತ್ತಿರಲಿಲ್ಲ. ಏಷ್ಯಾದ ಕಥೆ ಬೇರೆ. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ವಿ.ಸಿ.ಆರ್. ಇರಲೇ ಇಲ್ಲ, ಹಾಗಾಗಿ ಬಿಟ್ಟುಕೊಡುವುದೂ ಏನೂ ಇರಲಿಲ್ಲ. ಮಳೆಗಾಲದ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತಿತ್ತು, ಬಿಲ್ಲೆಗೆ ಆ ಕಾಟವಿಲ್ಲ. ಟೇಪು ಒಂದೊಂದನ್ನೂ ಸಿನಿಮಾ ಓಡಿಸಿಯೇ ನಕಲು ಮಾಡಬೇಕು, ಬಿಲ್ಲೆಯನ್ನಾದರೆ ಅಚ್ಚಿನಲ್ಲಿ ಒತ್ತಿ ತೆಗೆಯಬಹುದು, ಖರ್ಚು ಕಡಿಮೆ. ಇನ್ನೊಂದು ಅನುಕೂಲವೂ ಒದಗಿತು. ನಮ್ಮ ಎರಡೂವರೆ ಗಂಟೆಯ ಸಿನಿಮಾ ಸುಮಾರಾಗಿ ಎರಡು ಬಿಲ್ಲೆಗೆ ಸರಿಹೋಗುತ್ತಿತ್ತು. ಮೊದಲನೆಯದು ಮುಗಿದು ಎರಡನೆಯದನ್ನು ಹಾಕುವ ಹೊತ್ತೇ ಮನೆಯ ಇಂಟರ್‌ವಲ್. ಅಮ್ಮಿಯವರು ಚಹಾ ಕಾಯಿಸುತ್ತಿದ್ದದ್ದು ಆಗಲೇ!

2001ರ ಏಪ್ರಿಲ್ 1ರಂದು ಭಾರತ ಸರ್ಕಾರ ಆಮದಿನ ಮೇಲಿದ್ದ ಕೊನೆಯ ಪ್ರಮಾಣ ನಿರ್ಬಂಧಗಳನ್ನು ತೆಗೆದುಹಾಕಿತು. ಚೀನಾದ ಅಗ್ಗದ ಪ್ಲೇಯರುಗಳು ಎಸ್.ಪಿ. ರೋಡಿನಲ್ಲೂ ಮೆಜೆಸ್ಟಿಕ್ ಬಳಿಯ ನ್ಯಾಷನಲ್ ಮಾರ್ಕೆಟ್ಟಿನಲ್ಲೂ ರಾಶಿ ಬಿದ್ದವು. ಬೆಂಗಳೂರನ್ನೇ ಕೇಂದ್ರವಾಗಿಸಿಕೊಂಡು ಒಂದು ಕಾಲದಲ್ಲಿ ದೇಶದ ಮನೆಮಾತಾಗಿದ್ದ ಬಿ.ಪಿ.ಎಲ್. ಕಂಪನಿ, ಒಂದು ಕಡೆ ಕೊರಿಯಾದ ಕಂಪನಿಗಳು, ಇನ್ನೊಂದು ಕಡೆ ಈ ಅಗ್ಗದ ಮಾಲು, ಇವುಗಳ ನಡುವೆ ಹಿಂದೆ ಬಿದ್ದಿತು.

ಎರಡು ಬಣ ಒಂದಾದ ಕಥೆ

ಅಷ್ಟರಲ್ಲಿ ಇನ್ನೂ ಉತ್ತಮವಾದ ಬಿಲ್ಲೆ ಸಿದ್ಧವಾಗಿತ್ತು. ವಿದ್ಯಾರ್ಥಿಗಳಿಗೆ ಸುಲಭವಾಗಿ ಹೇಳುವುದಾದರೆ, ದಪ್ಪ ಮೊನೆಯ ಪೆನ್ನಿನಿಂದ ಬರೆದರೆ ಒಂದು ಪುಟಕ್ಕೆ ಕೆಲವೇ ಸಾಲು, ಸಣ್ಣ ಮೊನೆಯಿಂದ ಬರೆದರೆ ಅದೇ ಪುಟಕ್ಕೆ ಹೆಚ್ಚು ಸಾಲು. ಬಿಲ್ಲೆಗೆ ಲೇಸರ್ ಬೆಳಕೇ ಪೆನ್ನು. ಸಿ.ಡಿ.ಯ ಲೇಸರ್ ಬೆಳಕಿನ ತರಂಗದ ಉದ್ದ 780 ನ್ಯಾನೋಮೀಟರ್, ಡಿ.ವಿ.ಡಿ.ಯದು 650, ಬ್ಲೂ-ರೇಯದು 405. ಅದಕ್ಕೆ ತಕ್ಕಂತೆ ಸಿ.ಡಿ.ಯಲ್ಲಿ ಸುಮಾರು 700 ಮೆಗಾಬೈಟ್, ಡಿ.ವಿ.ಡಿ.ಯಲ್ಲಿ 4.7 ಗಿಗಾಬೈಟ್, ಬ್ಲೂ-ರೇಯಲ್ಲಿ 25 ಗಿಗಾಬೈಟ್ ಹಿಡಿಯುತ್ತದೆ. ಮೂರರ ಅಗಲವೂ ಒಂದೇ.

1995ರ ಆರಂಭದಲ್ಲಿ ಒಂದು ಕಡೆ ಸೋನಿ ಮತ್ತು ಫಿಲಿಪ್ಸ್, ಇನ್ನೊಂದು ಕಡೆ ತೋಷಿಬಾ ಮತ್ತು ಟೈಮ್ ವಾರ್ನರ್ ಬೇರೆ ಬೇರೆ ಬಿಲ್ಲೆಗಳನ್ನು ಹಿಡಿದು ನಿಂತವು. ಟೇಪಿನ ಯುದ್ಧ ಮತ್ತೆ ನಡೆಯುವ ಲಕ್ಷಣವಿತ್ತು. ಆಗ ಐ.ಬಿ.ಎಂ. ಮೊದಲಾದ ಕಂಪ್ಯೂಟರ್ ಕಂಪನಿಗಳು ನಡುವೆ ಬಂದು, ‘ನೀವು ಒಂದಾಗದಿದ್ದರೆ ನಮ್ಮ ಕಂಪ್ಯೂಟರಿನಲ್ಲಿ ಯಾವುದಕ್ಕೂ ಜಾಗವಿಲ್ಲ’ ಎಂಬ ನಿಲುವು ತಳೆದವು. ಆ ವರ್ಷದ ಕೊನೆಯೊಳಗೆ ಎರಡೂ ಬಣ ಒಪ್ಪಿ ಒಂದೇ ಡಿ.ವಿ.ಡಿ.ಯನ್ನು ಘೋಷಿಸಿದವು. 1996ರ ನವೆಂಬರಿನಲ್ಲಿ ಜಪಾನಿನಲ್ಲಿ, 1997ರಲ್ಲಿ ಅಮೆರಿಕದಲ್ಲಿ ಅದು ಮಾರಾಟಕ್ಕೆ ಬಂದಿತು. ಡಿ.ವಿ.ಡಿ.ಯ ಚಿತ್ರದಲ್ಲಿ ವಿ.ಸಿ.ಡಿ.ಗಿಂತ ನಾಲ್ಕು ಪಟ್ಟು ಚುಕ್ಕೆಗಳು. ಜಗಳವಾಡಿದ್ದರೆ ಇಬ್ಬರೂ ಕಳೆದುಕೊಳ್ಳುತ್ತಿದ್ದರು, ರಾಜಿಯಾದದ್ದರಿಂದ ಇಬ್ಬರೂ ಗಳಿಸಿದರು.

ಪೀಣ್ಯದ ಲೆಕ್ಕಾಚಾರ

ಆದರೆ ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರ ಮನೆಗಳಲ್ಲಿ ಲೆಕ್ಕಾಚಾರ ಬೇರೆಯೇ ಇತ್ತು. ನಮ್ಮ ಅಬ್ಬಾ ಅಲ್ಲಿ ಲೇಥ್ ಮೇಲೆ ಕೆಲಸ ಮಾಡುತ್ತಿದ್ದರು. ನಮ್ಮ ಟಿ.ವಿ. 14 ಇಂಚಿನದು. ಅದರಲ್ಲಿ ಡಿ.ವಿ.ಡಿ.ಯ ಚೆಂದವೂ ವಿ.ಸಿ.ಡಿ.ಯ ಮಸುಕೂ ಹೆಚ್ಚುಕಡಿಮೆ ಒಂದೇ. ಬೀದಿಯಲ್ಲಿ ಸಿಗುತ್ತಿದ್ದದ್ದು ವಿ.ಸಿ.ಡಿ., ಬಾಡಿಗೆ ಅಂಗಡಿಯಲ್ಲಿದ್ದದ್ದೂ ವಿ.ಸಿ.ಡಿ. ಆದ್ದರಿಂದ ಡಿ.ವಿ.ಡಿ. ಜಗತ್ತನ್ನು ಗೆದ್ದು ವರ್ಷಗಳಾದರೂ ನಮ್ಮ ಕಡೆ ವಿ.ಸಿ.ಡಿ. ಕದಲಲಿಲ್ಲ. ಡಿ.ವಿ.ಡಿ. ಪ್ಲೇಯರ್ ನಿಧಾನವಾಗಿ ಮನೆ ಸೇರಿದ್ದು ಏಕೆಂದರೆ ಅದು ಹಳೆಯ ವಿ.ಸಿ.ಡಿ.ಯನ್ನೂ ಓಡಿಸುತ್ತಿತ್ತು. ಮನೆಯಲ್ಲಿರುವುದನ್ನು ಕೆಲಸಕ್ಕೆ ಬಾರದಂತೆ ಮಾಡದ ಹೊಸತನ್ನು ಜನ ಬೇಗ ಒಪ್ಪುತ್ತಾರೆ.

ಇನ್ನೊಂದು ತೊಡಕಿತ್ತು. ಸಿನಿಮಾ ಕಂಪನಿಗಳು ಡಿ.ವಿ.ಡಿ. ಮಾರುಕಟ್ಟೆಯನ್ನು ಆರು ಮುಖ್ಯ ವಲಯಗಳಾಗಿ ಹಂಚಿಕೊಂಡಿದ್ದವು. ಭಾರತ 5ನೆಯ ವಲಯ, ಸೌದಿ ಮತ್ತು ದುಬೈ 2ನೆಯ ವಲಯ. ಕೊಲ್ಲಿಯಲ್ಲಿ ದುಡಿಯುವ ಮಾಮು ತಂದ ಅಸಲಿ ಡಿ.ವಿ.ಡಿ. ಇಲ್ಲಿನ ಅಸಲಿ ಪ್ಲೇಯರಿನಲ್ಲಿ ಓಡದೆ ಹೋಗಬಹುದಿತ್ತು! ಹೆಸರಿಲ್ಲದ ಚೀನೀ ಪ್ಲೇಯರಾದರೋ ಯಾವ ವಲಯದ್ದನ್ನೂ ಕೇಳದೆ ಓಡಿಸುತ್ತಿತ್ತು. ಜನ ಯಾವುದನ್ನು ಕೊಂಡರೆಂದು ಹೇಳಬೇಕಾಗಿಲ್ಲ.

ಇಲ್ಲೊಂದು ವಿಚಿತ್ರವನ್ನು ಗಮನಿಸಿ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, 1996ರಲ್ಲಿ ಸಿ.ಡಿ.ಯನ್ನು ರೂಪಿಸಿದವರಲ್ಲೊಂದಾದ ಫಿಲಿಪ್ಸ್ ಕಂಪನಿಯ ತಂತ್ರಾಂಶ ಕೇಂದ್ರ ಬೆಂಗಳೂರಿಗೆ ಬಂದವು. ಹೀಗೆ ಇಂಥ ಉಪಕರಣಗಳ ತಂತ್ರಾಂಶದ ಕೆಲಸ ನಡೆಯುತ್ತಿದ್ದ ಊರಿನಲ್ಲೇ ನಮ್ಮ ಮನೆಗಳು ಚೀನಾದ ಪ್ಲೇಯರಿನಲ್ಲಿ ಮಸುಕು ಚಿತ್ರ ನೋಡುತ್ತಿದ್ದವು. ಆ ಕಟ್ಟಡಗಳ ಗೇಟಿಗೂ ನಮ್ಮ ಬೀದಿಗೂ ನಡುವೆ ಇದ್ದದ್ದು ವಿದ್ಯಾಭ್ಯಾಸದ ಅಂತರ. ಇದನ್ನು ವಿದ್ಯಾರ್ಥಿಗಳು ಮರೆಯಬಾರದು.

28 ರೂಪಾಯಿಯ ಅಸಲಿ

ಅಸಲಿ ಬಿಲ್ಲೆಗೆ ನಿಜವಾದ ಎದುರಾಳಿ ಇನ್ನೊಂದು ಬಿಲ್ಲೆಯಲ್ಲ, ನಕಲಿ. ಸಿನಿಮಾ ಬಿಡುಗಡೆಯಾದ ವಾರದೊಳಗೆ ಫುಟ್‌ಪಾತಿನಲ್ಲಿ ಅದರ ಸಿ.ಡಿ. ಸಿಗುತ್ತಿತ್ತು. ಕರ್ನಾಟಕದ 1985ರ ಗೂಂಡಾ ಕಾಯ್ದೆಗೆ ತಿದ್ದುಪಡಿ ತಂದು ವಿಡಿಯೋ ಮತ್ತು ಆಡಿಯೋ ನಕಲುಕೋರರನ್ನೂ ಅದರೊಳಗೆ ಸೇರಿಸಲಾಯಿತು.

ಕಾನೂನಿನಿಂದ ಪೂರ್ತಿ ಆಗದ ಕೆಲಸವನ್ನು ಬೆಲೆಯಿಂದ ಮಾಡಲು ಹೊರಟದ್ದು ಮೋಸರ್ ಬೇರ್ ಕಂಪನಿ. 1983ರಲ್ಲಿ ದೆಹಲಿಯಲ್ಲಿ ಹುಟ್ಟಿ, ಖಾಲಿ ಬಿಲ್ಲೆ ತಯಾರಿಕೆಯಲ್ಲಿ ಜಗತ್ತಿನ ಮುಂಚೂಣಿಗೆ ಬಂದಿದ್ದ ಈ ಕಂಪನಿ 2007ರಲ್ಲಿ ಸಿನಿಮಾಗಳ ಹಕ್ಕು ಕೊಂಡು ವಿ.ಸಿ.ಡಿ.ಯನ್ನು 28 ರೂಪಾಯಿಗೆ, ಡಿ.ವಿ.ಡಿ.ಯನ್ನು 34 ರೂಪಾಯಿಗೆ ಮಾರಿತು. ಅದುವರೆಗಿನ ಅಸಲಿಯ ಬೆಲೆ ಇದರ ಹಲವು ಪಟ್ಟು. ಎರಡರ ನಡುವೆ ಕೇವಲ 6 ರೂಪಾಯಿ ವ್ಯತ್ಯಾಸ ಉಳಿದಾಗ ವಿ.ಸಿ.ಡಿ.ಗೆ ಉಳಿಗಾಲ ಎಲ್ಲಿಯದು? ಹೀಗೆ ನಮ್ಮ ಬೀದಿಯಲ್ಲಿ ಡಿ.ವಿ.ಡಿ. ಗೆದ್ದದ್ದು ಚಿತ್ರದ ಗುಣಮಟ್ಟದಿಂದಲ್ಲ, ದರಪಟ್ಟಿಯಿಂದ.

ಭಾಷೆಗೆ ಸಿಕ್ಕ ಜಾಗ

ಭಾಷಾ ಶಿಕ್ಷಕನಾಗಿ ಒಂದು ಮಾತು ಹೇಳಲೇಬೇಕು. ವಿ.ಸಿ.ಡಿ.ಯಲ್ಲಿ ಎಡ, ಬಲ ಎಂದು ಎರಡೇ ಧ್ವನಿವಾಹಿನಿ. ಹಾಂಗ್‌ಕಾಂಗಿನವರು ಒಂದರಲ್ಲಿ ಕ್ಯಾಂಟನೀಸ್, ಇನ್ನೊಂದರಲ್ಲಿ ಮ್ಯಾಂಡರಿನ್ ತುಂಬಿ ಆ ಇಕ್ಕಟ್ಟಿನಲ್ಲೂ ಎರಡು ಭಾಷೆಗೆ ಜಾಗ ಮಾಡಿದರು. ಡಿ.ವಿ.ಡಿ.ಯಲ್ಲಿ ಎಂಟು ಭಾಷೆಯ ಧ್ವನಿಗೂ 32 ಭಾಷೆಯ ಅಡಿಬರಹಕ್ಕೂ ಅವಕಾಶವಿತ್ತು. ಆದರೂ ನಮ್ಮ ದೇಶದಲ್ಲಿ ಮಾರಾಟವಾದ ಇಂಗ್ಲಿಷ್ ಚಿತ್ರಗಳಲ್ಲಿ ಹಿಂದಿ, ತಮಿಳು, ತೆಲುಗು ಇದ್ದಾಗಲೂ ಕನ್ನಡದ ಧ್ವನಿ ಇರುತ್ತಿರಲಿಲ್ಲ. ಕನ್ನಡಕ್ಕೆ ಡಬ್ ಮಾಡುವುದನ್ನು ನಮ್ಮ ಚಿತ್ರರಂಗವೇ ದಶಕಗಳಿಂದ ತಡೆದಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ಆದೇಶ ನೀಡುವ ಹೊತ್ತಿಗೆ ಬಿಲ್ಲೆಗಳ ಕಾಲವೇ ಮುಗಿಯುತ್ತಾ ಬಂದಿತ್ತು. ಯಂತ್ರ ಜಾಗ ಕೊಟ್ಟರೆ ಸಾಲದು, ಆ ಜಾಗವನ್ನು ತುಂಬುವ ಮನಸ್ಸೂ ಬೇಕು.

ಕೊನೆಯ ಕಾಳಗ

2006ರಲ್ಲಿ ಮತ್ತೆ ಎರಡು ಬಣಗಳಾದವು. ತೋಷಿಬಾದ ಎಚ್.ಡಿ. ಡಿ.ವಿ.ಡಿ. ಮಾರ್ಚ್‌ನಲ್ಲಿ ಬಂದಿತು, ಸೋನಿ ಕಡೆಯ ಬ್ಲೂ-ರೇ ಜೂನ್‌ನಲ್ಲಿ. ಈ ಬಾರಿ ರಾಜಿಯಾಗಲಿಲ್ಲ. ಸೋನಿ ತನ್ನ ಪ್ಲೇಸ್ಟೇಷನ್-3 ಆಟದ ಯಂತ್ರದೊಳಗೇ ಬ್ಲೂ-ರೇಯನ್ನು ಇಟ್ಟು ಮನೆಗಳಿಗೆ ತಲುಪಿಸಿತು. 2008ರ ಜನವರಿಯಲ್ಲಿ ವಾರ್ನರ್ ಸಂಸ್ಥೆ ಬ್ಲೂ-ರೇ ಕಡೆ ವಾಲಿತು. ಫೆಬ್ರವರಿ 19ರಂದು ತೋಷಿಬಾ ಸೋಲೊಪ್ಪಿತು.

ಆದರೆ ಗೆದ್ದ ಬ್ಲೂ-ರೇ ನಮ್ಮ ಬೀದಿಗೆ ಬರಲೇ ಇಲ್ಲ. ಡಿ.ವಿ.ಡಿ. ಪ್ಲೇಯರಿನ ಮುಂಭಾಗದಲ್ಲಿ ಪೆನ್ ಡ್ರೈವ್ ಚುಚ್ಚುವ ಚಿಕ್ಕ ಕಿಂಡಿಯೊಂದು ಬಂದದ್ದೇ ತಡ, ಬಿಲ್ಲೆ ಅನಗತ್ಯವಾಯಿತು. ಆಮೇಲೆ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಸಿನಿಮಾ ತುಂಬಿಸಿಕೊಂಡೆವು. 2016ರಲ್ಲಿ ಜಿಯೋ ಬಂದ ಮೇಲೆ ಅದೂ ಬೇಡವಾಯಿತು. ಬಿಲ್ಲೆಯ ಬೆಲೆ ಇಳಿಸಿದ ಮೋಸರ್ ಬೇರ್ ಕಂಪನಿಯ ಆಸ್ತಿ ಮಾರಿ ಮುಚ್ಚುವಂತೆ 2018ರಲ್ಲಿ ಆದೇಶವಾಯಿತು. ಅಂಚೆಯಲ್ಲಿ ಡಿ.ವಿ.ಡಿ. ಕಳಿಸುತ್ತಾ ಬೆಳೆದ ನೆಟ್‌ಫ್ಲಿಕ್ಸ್ 2023ರಲ್ಲಿ ಆ ಸೇವೆಯನ್ನು ನಿಲ್ಲಿಸಿತು. 2025ರಲ್ಲಿ ಸೋನಿಯೇ ಖಾಲಿ ಬ್ಲೂ-ರೇ ಬಿಲ್ಲೆಗಳ ತಯಾರಿಕೆಯನ್ನು ಕೊನೆಗೊಳಿಸಿತು.

ನಾವು ಮಾಡಬೇಕಾದ್ದು

ಗೆದ್ದವರೂ ಹೋದರು, ಸೋತವರೂ ಹೋದರು. ಉಳಿದದ್ದು ನಮ್ಮ ಬೀರುವಿನಲ್ಲಿರುವ ಬಿಲ್ಲೆ. ಅಂಗಡಿಯ ಸಿನಿಮಾ ಸಿ.ಡಿ. ಅಚ್ಚೊತ್ತಿದ್ದು, ಸ್ವಲ್ಪ ಬಾಳುತ್ತದೆ. ಅದು ಹಾಳಾದರೂ ಆ ಸಿನಿಮಾ ಬೇರೆ ಕಡೆ ಸಿಗುತ್ತದೆ. ಮದುವೆಯ ಸಿ.ಡಿ. ಹಾಗಲ್ಲ. ಅದು ಬಣ್ಣದ ಪದರವನ್ನು ಲೇಸರಿನಿಂದ ಸುಟ್ಟು ಬರೆದದ್ದು. ಬಿಸಿಲು, ಸೆಕೆ, ತೇವಕ್ಕೆ ಆ ಬಣ್ಣ ಮಾಸುತ್ತದೆ, ಒಮ್ಮೆ ಮಾಸಿದರೆ ಮರಳಿ ಬರುವುದಿಲ್ಲ.

ನಾನು ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸುವ ಡಿ.ವಿ.ಡಿ. ಡ್ರೈವ್ ಒಂದನ್ನು ತಂದು ನಿಕಾಹ್‌ನ ಎರಡು ಬಿಲ್ಲೆಗಳನ್ನೂ ಹಾಕಿದೆ. ಮೊದಲನೆಯದು ಓದಿತು. ಎರಡನೆಯದು ಓದಲಿಲ್ಲ. ದಾದಿಯವರು ಮೊದಲನೆಯದರಲ್ಲಿದ್ದರು, ಅದು ನಮ್ಮ ಅದೃಷ್ಟ. ರುಖ್ಸತಿಯ ಹೊತ್ತಿನಲ್ಲಿ ಅಬ್ಬಾ ಕಣ್ಣೊರೆಸಿಕೊಂಡದ್ದು ಎರಡನೆಯದರಲ್ಲಿತ್ತು. ಅದು ಹೋಯಿತು. ಐದು ವರ್ಷ ಮೊದಲೇ ಈ ಕೆಲಸ ಮಾಡಿದ್ದರೆ ಬಹುಶಃ ಉಳಿಯುತ್ತಿತ್ತು.

ಆದ್ದರಿಂದ ವಿದ್ಯಾರ್ಥಿಗಳೇ, ಈ ರಜೆಯಲ್ಲಿ ನಿಮ್ಮ ಮನೆಯ ಬಿಲ್ಲೆಗಳನ್ನು ಹುಡುಕಿ. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತಲೂ ತಿಕ್ಕಬೇಡಿ. ಕಂಪ್ಯೂಟರಿಗೆ ಹಾಕಿ ಅದರಲ್ಲಿರುವ ಎಲ್ಲ ಫೋಲ್ಡರುಗಳನ್ನು ಪೂರ್ತಿಯಾಗಿ ನಕಲು ಮಾಡಿಕೊಳ್ಳಿ. ವಿ.ಸಿ.ಡಿ.ಯ ಚಿತ್ರ ‘ಡ್ಯಾಟ್’ ಎಂದು ಕೊನೆಯಾಗುವ ಫೈಲಿನಲ್ಲಿರುತ್ತದೆ, ಡಿ.ವಿ.ಡಿ.ಯದು ‘ವಿ.ಓ.ಬಿ.’ ಎಂದು ಕೊನೆಯಾಗುವ ಫೈಲುಗಳಲ್ಲಿ. ಉಚಿತವಾಗಿ ಸಿಗುವ ವಿ.ಎಲ್.ಸಿ. ಪ್ಲೇಯರ್ ಎರಡನ್ನೂ ಓಡಿಸುತ್ತದೆ. ನಕಲನ್ನು ಒಂದೇ ಕಡೆ ಇಡಬೇಡಿ, ಎರಡು ಕಡೆ ಇಡಿ. ಯಾರ ಮದುವೆ, ಯಾವ ವರ್ಷ, ಮಾತನಾಡುವವರು ಯಾರು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಅವರು ಇರುವಾಗಲೇ ಕೇಳಿ.

ಸಂಘದ ಹಿರಿಯರಲ್ಲಿ ಒಂದು ವಿನಂತಿ. ನಮ್ಮ ಹಳೆಯ ವಾರ್ಷಿಕೋತ್ಸವ, ಮುಷಾಯಿರಾಗಳ ಸಿ.ಡಿ.ಗಳು ಯಾರ ಮನೆಯಲ್ಲಿದ್ದರೂ ದಯವಿಟ್ಟು ತಂದುಕೊಡಿ. ಕಂಪ್ಯೂಟರ್ ಬಲ್ಲ ನಾಲ್ಕು ಮಕ್ಕಳಿದ್ದರೆ ಒಂದು ಭಾನುವಾರದಲ್ಲಿ ಮುಗಿಯುವ ಕೆಲಸ ಇದು. ಇಂದಿನ ಪೆನ್ ಡ್ರೈವ್, ಮೊಬೈಲುಗಳಿಗೂ ನಾಳೆ ಇದೇ ಗತಿ ಬರುತ್ತದೆ. ಆಗ ಮತ್ತೊಮ್ಮೆ ಹೊಸದಕ್ಕೆ ನಕಲು ಮಾಡುವ ಕೆಲಸ, ಇಂದು ಎಂಟನೆಯ ತರಗತಿಯಲ್ಲಿ ಕೂತು ಹಕ್ಕಿ ಓಡಿಸುವ ಪ್ರಶ್ನೆ ಕೇಳಿದವನ ಪಾಲಿಗೆ ಬರಲಿದೆ.