ಮದುವೆಯ ಜವಳಿ ಮತ್ತು ಇಳಕಲ್ಲ ಸೆರಗು

ಮದುವೆ ನಿಶ್ಚಯವಾದ ಮನೆಯಲ್ಲಿ ಹಿರಿಯರು ಕೂಡಿ ಕೈಗೊಳ್ಳುವ ಮೊದಲ ಕಾರ್ಯಗಳಲ್ಲಿ ಜವಳಿಯ ಆಯ್ಕೆ ಮುಖ್ಯವಾದುದು. ಉತ್ತರ ಕರ್ನಾಟಕದಲ್ಲಿ ಇದಕ್ಕೆ ‘ಬಸ್ತಾ’ ಎಂಬ ಹೆಸರೂ ಉಂಟು. ಹೊರನೋಟಕ್ಕೆ ಇದು ಅಂಗಡಿಯ ವ್ಯವಹಾರವೆನಿಸಿದರೂ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯಲ್ಲಿ ಅದು ಬಂಧುತ್ವವನ್ನು ಗುರುತಿಸುವ ಕ್ರಮವಾಗಿಯೂ ನೇಕಾರನ ಬದುಕಿಗೆ ಆಧಾರವಾಗಿಯೂ ಬೆಳೆದುಬಂದ ಸಂಪ್ರದಾಯ. ಯಾರಿಗೆ ಯಾವ ಸೀರೆ, ಯಾವ ಖಣ, ಯಾವ ದೋತರ ಎಂಬ ಪ್ರಶ್ನೆಗೆ ಈ ಸೀಮೆಯವರು ಕಂಡುಕೊಂಡ ಉತ್ತರದಲ್ಲಿ ಒಂದು ಸಾಮಾಜಿಕ ವಿವೇಕ ಅಡಗಿದೆ. ಅದರ ಗುರುತು ಇಳಕಲ್ಲ ಸೀರೆಯ ನೇಯ್ಗೆಯಲ್ಲಿಯೇ ದೊರೆಯುತ್ತದೆ.

ಈ ಸೀಮೆಯ ವಸ್ತ್ರಪರಂಪರೆಯನ್ನು ಚಾಲುಕ್ಯರ ಕಾಲಕ್ಕೆ ಕೊಂಡೊಯ್ಯುವ ಮಾತು ಆಗಾಗ ಕೇಳಿಬರುತ್ತದೆ. ಮಂಗಳೇಶನ ಕ್ರಿ.ಶ. 578ರ ಶಾಸನವುಳ್ಳ ಬಾದಾಮಿಯ ಮೂರನೆಯ ಗುಹೆಯ ದಂಪತಿ ಶಿಲ್ಪಗಳಲ್ಲಿ ಉಡುಗೆ ತೊಡುಗೆಗಳ ವೈವಿಧ್ಯ ಕಾಣುವುದು ನಿಜ. ಆದರೆ ಶಿಲ್ಪ ಹೇಳುವುದು ಉಡುವ ರೀತಿಯನ್ನೇ ಹೊರತು ನೂಲಿನ ಜಾತಿಯನ್ನಾಗಲಿ ಸೆರಗಿನ ಜೋಡಣೆಯನ್ನಾಗಲಿ ಅಲ್ಲ. ಆದುದರಿಂದ ಇಂದಿನ ಇಳಕಲ್ಲ ಸೀರೆಯನ್ನು ಆ ಕಲ್ಲಿನಲ್ಲಿ ಹುಡುಕುವುದು ಯುಕ್ತವಲ್ಲ. ಇಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಹುದು: ಹುನಗುಂದ ತಾಲೂಕಿನ ಐಹೊಳೆಯ ಹೆಸರಿನಿಂದಲೇ ಪ್ರಸಿದ್ಧವಾದ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘವು ದಕ್ಷಿಣಾಪಥದಲ್ಲೆಲ್ಲ ವ್ಯಾಪಾರ ನಡೆಸಿತು, ಅದರ ಸರಕುಗಳಲ್ಲಿ ಬಟ್ಟೆಯೂ ಇದ್ದಿತು. ಹತ್ತಿ ಬೆಳೆಯುವ ಎರೆನೆಲ, ನೇಯುವ ಕೈ, ಮಾರುವ ವರ್ತಕ ಈ ಮೂರೂ ಒಂದೇ ಸೀಮೆಯಲ್ಲಿ ಸೇರಿದ್ದವು.

ವಸ್ತ್ರವನ್ನು ಆರಿಸುವ ವಿಚಾರ ಗ್ರಂಥಸ್ಥವಾದುದು 12ನೆಯ ಶತಮಾನದಲ್ಲಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ವಸ್ತ್ರೋಪಭೋಗಕ್ಕೆ ಪ್ರತ್ಯೇಕ ಪ್ರಕರಣವೇ ಉಂಟು. ಅರಸನು ಯಾವ ಋತುವಿನಲ್ಲಿ ಎಂತಹ ವಸ್ತ್ರವನ್ನು ಧರಿಸಬೇಕೆಂಬ ವಿವೇಚನೆ ಅಲ್ಲಿದೆ. ಅದು ಉಡುವವನ ದೃಷ್ಟಿ. ನೂಲುವವರ, ನೇಯುವವರ ದೃಷ್ಟಿ ದೊರೆಯುವುದು ಶರಣರ ಬಳಗದಲ್ಲಿ. ಬಸವಣ್ಣನವರಿಗಿಂತ ಹಿರಿಯನಾದ ಜೇಡರ ದಾಸಿಮಯ್ಯ ನೇಕಾರ. ಕದಿರ ರೆಮ್ಮವ್ವೆ ನೂಲುವ ಕಾಯಕದವಳು. ಸೂಜಿಕಾಯಕದ ರಾಮಿತಂದೆ ಹೊಲಿಯುವವನು. ಮಡಿವಾಳ ಮಾಚಿದೇವರು ಬಟ್ಟೆಯನ್ನು ಮಡಿಮಾಡುವವರು. ಹೀಗೆ ಹತ್ತಿಯಿಂದ ಹಿಡಿದು ಮಡಿಬಟ್ಟೆಯವರೆಗಿನ ಒಂದೊಂದು ಹಂತಕ್ಕೂ ಒಬ್ಬೊಬ್ಬ ಶರಣರ ಹೆಸರು ಹೊಂದಿಕೊಂಡಿದೆ. ಬಟ್ಟೆಯ ಬೆಲೆಯನ್ನು ಉಟ್ಟವರ ಅಂತಸ್ತಿನಿಂದ ಅಳೆಯದೆ ದುಡಿದವರ ಕಾಯಕದಿಂದ ಅಳೆಯುವ ಹೊಸ ಮಾನದಂಡ ಹೀಗೆ ಒದಗಿಬಂದಿತು.

ಇನ್ನು ಇಳಕಲ್ಲ ಸೀರೆಯ ರಚನೆಯನ್ನು ನೋಡಬೇಕು. ಸಾಮಾನ್ಯ ಸೀರೆಯಲ್ಲಿ ಒಡಲಿಗೂ ಸೆರಗಿಗೂ ಒಂದೇ ಹಾಸು ಇರುತ್ತದೆ. ಇಳಕಲ್ಲ ಸೀರೆಯಲ್ಲಿ ಹಾಗಲ್ಲ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಯ ತುದಿಯನ್ನೂ ಸೆರಗಿನ ಎಳೆಯೊಡನೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಇದಕ್ಕೆ ‘ಕೊಂಡಿ’ ಎಂದು ಹೆಸರು. ಈ ಜೋಡಣೆಯಿಂದಾಗಿ ಒಂದು ಹಾಸಿನಲ್ಲಿ ಹತ್ತಾರು ಸೀರೆಗಳನ್ನು ಸತತವಾಗಿ ನೇಯಲು ಬರುವುದಿಲ್ಲ. ಆರು, ಎಂಟು ಅಥವಾ ಒಂಬತ್ತು ಗಜದ ಒಂದೇ ಸೀರೆಗೆ ಬೇಕಾಗುವಷ್ಟು ಹಾಸನ್ನು ಹೂಡಿ, ಅದು ಮುಗಿದ ಮೇಲೆ ಮತ್ತೊಂದಕ್ಕೆ ಕೈಹಚ್ಚಬೇಕು. ಮಗ್ಗದ ಮುಂದೆ ಕೂಡುವವನು ಒಬ್ಬನಾದರೂ ನೂಲು ಸುತ್ತುವುದರಿಂದ ಹಿಡಿದು ಹಾಸು ಹೂಡುವವರೆಗೆ ಮನೆಯ ಹೆಣ್ಣುಮಕ್ಕಳ ದುಡಿಮೆ ಅದರಲ್ಲಿ ಬೆರೆತಿರುತ್ತದೆ.

ಇಷ್ಟು ಕಷ್ಟದ ಕೊಂಡಿ ಏತಕ್ಕೆ? ಉತ್ತರ ಸರಳವಾಗಿದೆ. ಒಂದೇ ಹಾಸಾಗಿದ್ದರೆ ಸೆರಗಿಗೆ ಬೇಕಾದ ರೇಷ್ಮೆಯ ಎಳೆಗಳು ಸೀರೆಯ ಉದ್ದಕ್ಕೂ ಹರಿಯಬೇಕಾಗುತ್ತಿತ್ತು. ಕೊಂಡಿಯ ಬಲದಿಂದ ರೇಷ್ಮೆ ದಡಿ ಸೆರಗುಗಳಿಗೆ ಮಾತ್ರ ಸಾಕಾಗಿ, ಒಡಲನ್ನು ಹತ್ತಿಯಲ್ಲಿ ನೇಯುವುದು ಸಾಧ್ಯವಾಯಿತು. ಮೂರು ಕೆಂಪು ಪಟ್ಟಿಗಳ ನಡುವೆ ಎರಡು ಬಿಳಿಯ ಪಟ್ಟಿಗಳು ಬರುವ ‘ತೋಪುತೆನೆ’ ಸೆರಗು ಈ ಸೀರೆಯ ಮುದ್ರೆ. ಹಣಿಗೆ, ಕೋಟೆಕೊಮ್ಮೆ, ಜೋಳದ ತೆನೆ ಮುಂತಾಗಿ ಕಣ್ಣೆದುರಿನ ವಸ್ತುಗಳೇ ಅದರ ಚಿತ್ತಾರ. ಚಿಕ್ಕಿ, ಪರಾಸ, ಗೋಮಿ, ಗಾಡಿ ಎಂದು ದಡಿಯಲ್ಲಿ ಭೇದಗಳುಂಟು. ಉಳ್ಳವರ ಸೀರೆಯ ಒಡಲು ರೇಷ್ಮೆಯದು, ಇಲ್ಲದವರದು ಹತ್ತಿಯದು. ಆದರೆ ಸೆರಗಿನ ವಿನ್ಯಾಸ ಇಬ್ಬರಿಗೂ ಒಂದೇ. ತಲೆಯ ಮೇಲೆ ಹೊದ್ದು ಹಂದರದಲ್ಲಿ ಕುಳಿತಾಗ ಎದುರಿಗೆ ಕಾಣುವುದು ಸೆರಗೇ. ಹತ್ತಿಯ ಸೀರೆ ಉಟ್ಟ ಕೂಲಿಯವಳೂ ಪಟ್ಟೆಸೀರೆಯ ಬೀಗಿತಿಯೂ ಒಂದೇ ಸೆರಗಿನ ಕೆಳಗೆ ಸಮಾನರಾಗಿ ತೋರುವಂತೆ ಮಾಡಿದ್ದು ಈ ನೇಯ್ಗೆಯ ಹಿರಿಮೆ.

ಮದುವೆಯ ಜವಳಿಯಲ್ಲಿ ಈ ಸೀರೆಗೆ ನಿಶ್ಚಿತವಾದ ಸ್ಥಾನವಿದೆ. ಮದುಮಗಳಿಗೆಂದು ನೇಯುವ ಸೀರೆಯ ಕೆಂಪಿಗೆ ‘ಗಿರಿಕುಂಕುಮ’ವೆಂದೇ ಹೆಸರು. ಕಸೂತಿ ಹಾಕಿದ ಕಪ್ಪು ರೇಷ್ಮೆಯ ‘ಚಂದ್ರಕಾಳಿ’ ಸೀರೆ ಮದುವಣಗಿತ್ತಿಯ ಬಳಿ ಇರಲೇಬೇಕೆಂಬ ರೂಢಿಯೂ ಇತ್ತು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ಹೊಲಿಗೆಗಳಲ್ಲಿ ಎಳೆಗಳನ್ನು ಎಣಿಸಿ ಗೋಪುರ, ತೇರು, ಆನೆಗಳನ್ನು ಮೂಡಿಸುವ ಈ ಕಸೂತಿ ತಾಯಿಯಿಂದ ಮಗಳಿಗೆ ಬಂದ ವಿದ್ಯೆ. ಸೀರೆಗೆ ಜೊತೆಯಾದುದು ಗುಳೇದಗುಡ್ಡದ ಖಣ. ಅದು ಕುಪ್ಪಸದ ಬಟ್ಟೆ ಮಾತ್ರವಲ್ಲ. ಅಕ್ಕಿ, ಕೊಬ್ಬರಿ, ಅರಿಷಿಣ ಬೇರು, ಎಲೆ ಅಡಕೆಗಳೊಡನೆ ಉಡಿ ತುಂಬುವಾಗ ಖಣವಿಲ್ಲದೆ ಮಂಗಲಕಾರ್ಯ ಪೂರ್ಣವಾಗದು. ಇನ್ನು ಬಂಧುಗಳು ಒಬ್ಬರಿಗೊಬ್ಬರು ಉಡುಗೊರೆ ಮಾಡುವ ‘ಆಯೇರಿ’ಯಲ್ಲಿ ಸೋದರಮಾವನಿಗೆ, ಸೋದರತ್ತೆಗೆ, ಬೀಗರಿಗೆ, ಮನೆಯ ಹಿರಿಯರಿಗೆ ಅವರವರ ಸಂಬಂಧಕ್ಕೆ ತಕ್ಕ ವಸ್ತ್ರ ಸಲ್ಲಬೇಕು. ಜವಳಿಯ ಗಂಟು ಬಿಚ್ಚಿದರೆ ಮನೆತನದ ವಂಶವೃಕ್ಷವೇ ಬಿಚ್ಚಿದಂತೆ. ಇಲ್ಲಿ ಆರಿಸುವವರು ಮೊದಲು ನೋಡುವುದು ತಮ್ಮ ಅಭಿರುಚಿಯನ್ನಲ್ಲ, ಪಡೆಯುವವರ ಸ್ಥಾನವನ್ನು.

ಈ ವ್ಯವಸ್ಥೆಗೆ ಹೊಸ ಕಾಲ ಹಲವು ಪೆಟ್ಟುಗಳನ್ನು ಕೊಟ್ಟಿತು. 1880ರ ದಶಕದಲ್ಲಿ ಗದಗ–ಹೊಟಗಿ ರೈಲುಮಾರ್ಗ ಬಾದಾಮಿ, ಬಾಗಲಕೋಟೆಗಳನ್ನು ಹಾಯ್ದುಹೋದ ಮೇಲೆ ಗಿರಣಿಯ ನೂಲೂ ಗಿರಣಿಯ ಬಟ್ಟೆಯೂ ಸುಲಭವಾಗಿ ಒಳಬಂದವು. 20ನೆಯ ಶತಮಾನದಲ್ಲಿ ಕೃತಕ ರೇಷ್ಮೆ ಬಂದು ಸೆರಗಿನ ಬೆಲೆಯನ್ನು ತಗ್ಗಿಸಿತು. ಇದರಿಂದ ಬಡವರಿಗೆ ಅನುಕೂಲವಾಯಿತೆಂಬುದನ್ನು ಮರೆಯಲಾಗದು. ಮಹಾರಾಷ್ಟ್ರದಲ್ಲಿ ‘ಇರಕಲ್’ ಎಂಬ ಹೆಸರಿನಿಂದ ಈ ಸೀರೆ ಮನೆಮಾತಾಗಿ ಮಾರುಕಟ್ಟೆ ಹಿಗ್ಗಿತು. ಆದರೆ ವಿದ್ಯುನ್ಮಗ್ಗಗಳು ಬಂದು ಸೆರಗಿನ ಚಿತ್ತಾರವನ್ನು ಅನುಕರಿಸತೊಡಗಿದಾಗ ಕೈಮಗ್ಗದ ಅಡಿಪಾಯವೇ ಅಲುಗಿತು. 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. 1985ರಲ್ಲಿ ಕೆಲವು ಬಗೆಯ ವಸ್ತ್ರಗಳನ್ನು ಕೈಮಗ್ಗಕ್ಕೆ ಮೀಸಲಿಡುವ ಕೇಂದ್ರದ ಕಾಯಿದೆ ಬಂದಿತು. ಇಳಕಲ್ಲ ಸೀರೆಗೂ ಕಸೂತಿಗೂ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. 1997ರಲ್ಲಿ ಬಾಗಲಕೋಟೆ ಬಿಜಾಪುರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ ಮೇಲೆ ಈ ಸೀರೆ ಜಿಲ್ಲೆಯ ಹೆಮ್ಮೆಯ ಗುರುತಾಯಿತು. ಇಷ್ಟಾದರೂ ನೇಕಾರನನ್ನು ಕೊನೆಗೆ ಉಳಿಸಬಲ್ಲದು ಕೊಳ್ಳುವವರ ಕೈ. ಆ ಕೈ ಹೆಚ್ಚಾಗಿ ಚಾಚುವುದು ಮದುವೆಯ ಕಾಲದಲ್ಲಿ.

ಇಲ್ಲಿ ಎರಡು ಅಪಾಯಗಳನ್ನು ಗಮನಿಸಬೇಕಾಗಿದೆ. ಮೊದಲನೆಯದು ಆಡಂಬರ. ಬಂಧುತ್ವದ ಗೌರವವಾಗಿದ್ದ ಆಯೇರಿ ಪೈಪೋಟಿಯಾಗಿ, ಅರಿಷಿಣಕ್ಕೊಂದು, ಅಕ್ಷತೆಗೊಂದು, ಆರತಕ್ಷತೆಗೊಂದು ಎಂದು ದುಬಾರಿ ಉಡುಪುಗಳ ಸಾಲು ಬೆಳೆದರೆ ಹೆಣ್ಣು ಹೆತ್ತವರ ಪಾಲಿಗೆ ಜವಳಿಯ ಗಂಟು ಸಾಲದ ಗಂಟಾಗುತ್ತದೆ. ಮಠಗಳಲ್ಲಿ ನಡೆಯುವ ಸಾಮೂಹಿಕ ವಿವಾಹಗಳಲ್ಲಿ ಎಲ್ಲ ವಧುಗಳಿಗೂ ಒಂದೇ ಬಗೆಯ ಸೀರೆಯನ್ನು ಕೊಡುವ ಕ್ರಮ ಇದಕ್ಕೆ ತಕ್ಕ ಮದ್ದು. ಎರಡನೆಯದು ಅನುಕರಣೆ. ಇಳಕಲ್ಲಿನ ಹೆಸರಿನಲ್ಲಿ ಕೊಂಡಿಯಿಲ್ಲದ ಬಟ್ಟೆ ಕೊಂಡಾಗ ನೇಕಾರನ ಹೆಸರು ಮಾತ್ರ ಉಳಿದು ಕೂಲಿ ಬೇರೆಲ್ಲಿಗೋ ಹೋಗುತ್ತದೆ. ಇದನ್ನು ಕಂಡುಹಿಡಿಯುವುದು ಕಠಿನವಲ್ಲ. ಒಡಲು ಸೆರಗುಗಳು ಕೂಡುವ ಎಡೆಯನ್ನು ತಿರುವಿ ನೋಡಿ ಬೆರಳಾಡಿಸಿದರೆ ಕುಣಿಕೆಗಳ ಸಾಲು ತಿಳಿದುಬರುತ್ತದೆ.

ಹತ್ತಿಗೂ ರೇಷ್ಮೆಗೂ ನಡುವೆ ಇರುವ ಕೊಂಡಿ ಬಡವ ಬಲ್ಲಿದರ ನಡುವಿನ ಕೊಂಡಿಯೂ ಹೌದು; ಮದುವೆಯ ಮನೆಗೂ ಮಗ್ಗದ ಮನೆಗೂ ನಡುವಿನ ಕೊಂಡಿಯೂ ಹೌದು. ಜವಳಿಗೆ ಹೊರಡುವ ಹಿರಿಯರು ಬಣ್ಣ ಬೆಲೆಗಳೊಡನೆ ಅದನ್ನೂ ನೋಡಿ ಆರಿಸಿದರೆ, ಕೊಟ್ಟ ಸೀರೆ ಪಡೆದವರಿಗೆ ಗೌರವವನ್ನೂ ನೇಯ್ದವರಿಗೆ ಅನ್ನವನ್ನೂ ತರುವುದರಲ್ಲಿ ಸಂದೇಹವಿಲ್ಲ.