ಹೆಸರು ಒಬ್ಬರದು, ಸಾಲ ಇನ್ನೊಬ್ಬರದು: ಹೋಟೆಲ್ ಫ್ರಾಂಚೈಸಿಯ ಕಥೆ

ನಮ್ಮ ಕಡೆ ಹೋಟೆಲ್ ಎಂದೊಡನೆ ಊಟ-ತಿಂಡಿಯ ಜಾಗವೇ ನೆನಪಾಗುತ್ತದೆ. ಇಲ್ಲಿ ಹೇಳಹೊರಟಿರುವುದು ತಂಗುವ ಹೋಟೆಲುಗಳ, ಅಂದರೆ ನಾವು ಲಾಡ್ಜ್ ಎನ್ನುವ ಉದ್ಯಮದ ವಿಷಯ. ಪ್ರಸಿದ್ಧ ವಿದೇಶಿ ಹೆಸರಿನ ಫಲಕ ಕಂಡಾಗ ಆ ಹೋಟೆಲ್ ಅದೇ ಕಂಪನಿಯ ಸೊತ್ತು ಎಂದು ನೀವು ಭಾವಿಸಿರಬಹುದು. ಅಮೆರಿಕದಲ್ಲಂತೂ ಹೆಚ್ಚಿನ ಕಡೆ ಹಾಗಿಲ್ಲ. ಜಾಗ, ಕಟ್ಟಡ, ಬ್ಯಾಂಕಿನ ಸಾಲ ಎಲ್ಲವೂ ಸ್ಥಳೀಯ ಮಾಲೀಕನವು. ಕಂಪನಿ ಕೊಡುವುದು ಹೆಸರು, ನಿಯಮಾವಳಿ ಮತ್ತು ಕೋಣೆ ಕಾದಿರಿಸುವ ವ್ಯವಸ್ಥೆ. ಅದಕ್ಕೆ ಮಾಲೀಕ ಶುಲ್ಕ ಕಟ್ಟುತ್ತಾನೆ. ಇದೇ ಫ್ರಾಂಚೈಸಿ.

ಈ ಪದ್ಧತಿಯನ್ನು ಮನೆಮಾತಾಗಿಸಿದವರು ಮೆಂಫಿಸ್ ನಗರದಲ್ಲಿ ಮನೆ ಕಟ್ಟಿಸಿ ಮಾರುತ್ತಿದ್ದ ಕೆಮನ್ಸ್ ವಿಲ್ಸನ್. 1951ರಲ್ಲಿ ಅವರು ಹೆಂಡತಿ ಹಾಗೂ ಐದು ಮಕ್ಕಳೊಂದಿಗೆ ಕಾರಿನಲ್ಲಿ ವಾಷಿಂಗ್ಟನ್‌ಗೆ ಹೊರಟರು. ದಾರಿಯ ಮೋಟೆಲುಗಳಲ್ಲಿ ಬಾಡಿಗೆಯ ಮೇಲೆ ಮಗುವೊಂದಕ್ಕೆ ಎರಡು ಡಾಲರ್ ಹೆಚ್ಚುವರಿ. ಮಕ್ಕಳು ಮಲಗುವುದು ಮಾತ್ರ ಅದೇ ಕೋಣೆಯಲ್ಲಿ! ಸಿಟ್ಟಾದ ವಿಲ್ಸನ್ ಮರುವರ್ಷ, 1952ರಲ್ಲಿ, ತಮ್ಮದೇ ಮೋಟೆಲ್ ತೆರೆದರು. ಮಕ್ಕಳಿಗೆ ಬಾಡಿಗೆ ಇಲ್ಲ. ಹವಾನಿಯಂತ್ರಣ, ದೂರವಾಣಿ, ಈಜುಕೊಳ ಎಲ್ಲವೂ ಉಂಟು. ನಕ್ಷೆ ಬರೆದಾತ ಒಂದು ಸಿನಿಮಾದ ಹೆಸರನ್ನು ತಮಾಷೆಗೆಂದು ಅದರ ಮೇಲೆ ಗೀಚಿದ್ದ: ಹಾಲಿಡೇ ಇನ್. ಅದೇ ಉಳಿಯಿತು.

ದೇಶದ ತುಂಬ ಇಂಥ ನೂರಾರು ಮೋಟೆಲುಗಳು ಬೇಕೆಂಬುದು ಅವರ ಆಸೆ. ಅಷ್ಟು ಬಂಡವಾಳ ಎಲ್ಲಿಂದ ತರುವುದು? ಪಾಲುದಾರ ವ್ಯಾಲೇಸ್ ಜಾನ್ಸನ್ ಜೊತೆಗೂಡಿ ಅವರು ಹೆಸರನ್ನೇ ಮಾರಲು ಹೊರಟರು. ಕಟ್ಟುವ ಖರ್ಚು ಹೆಸರು ಕೊಂಡವರದು. 1956ರ ಹೆದ್ದಾರಿ ಕಾಯ್ದೆಯಿಂದ ದೇಶದುದ್ದಕ್ಕೂ ವಿಶಾಲ ರಸ್ತೆಗಳು ಬಂದವು. 1965ರಲ್ಲಿ ಕಂಪ್ಯೂಟರ್ ಮೂಲಕ ಕೋಣೆ ಕಾದಿರಿಸುವ 'ಹಾಲಿಡೆಕ್ಸ್' ಬಂತು. 1968ರ ಹೊತ್ತಿಗೆ ಹಾಲಿಡೇ ಇನ್‌ಗಳ ಸಂಖ್ಯೆ ಸಾವಿರ ಮುಟ್ಟಿತು.

ಹೊಸ ಹೆದ್ದಾರಿಗಳು ಹಳೆಯ ರಸ್ತೆಗಳನ್ನು ಬಿಟ್ಟು ಸಾಗಿದವು. ಅಲ್ಲಿದ್ದ ಸಣ್ಣ ಮೋಟೆಲುಗಳು ಗಿರಾಕಿಗಳಿಲ್ಲದೆ ಸೊರಗಿ ಅಗ್ಗವಾದವು. ಅವನ್ನು ಕೊಂಡವರಲ್ಲಿ ನಮ್ಮ ದೇಶದ ಗುಜರಾತಿಗಳು ಬಹಳ. 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಹೊರಹಾಕಿದ ಕುಟುಂಬಗಳೂ ಅವರಲ್ಲಿದ್ದವು. ಮೋಟೆಲಿನಲ್ಲೇ ವಾಸ, ಹಾಸಿಗೆ ಹಾಸುವುದರಿಂದ ಲೆಕ್ಕ ಬರೆಯುವವರೆಗೆ ಮನೆಮಂದಿಯದೇ ದುಡಿಮೆ. ಮನೆ ಬಾಡಿಗೆ, ಆಳಿನ ಸಂಬಳ ಎರಡೂ ಉಳಿದವು. ಇದನ್ನು ಕಂಡ ಪ್ರತಿಸ್ಪರ್ಧಿಗಳು ತಮ್ಮ ಬಾಗಿಲಲ್ಲಿ 'ಅಮೆರಿಕನ್ ಮಾಲೀಕತ್ವ' ಎಂಬ ಫಲಕ ತೂಗುಹಾಕಿದರು. ವಿಮಾ ಕಂಪನಿಗಳು ಇವರೇ ಬೆಂಕಿ ಹಚ್ಚಿಕೊಂಡು ಪರಿಹಾರ ಕೇಳುತ್ತಾರೆಂದು ಶಂಕಿಸಿ ವಿಮೆ ನಿರಾಕರಿಸಿದವು. ಈ ಅವಮಾನಕ್ಕೆ ಪ್ರಸಿದ್ಧ ಹೆಸರಿನ ಫ್ರಾಂಚೈಸಿ ಒಂದು ಗುರಾಣಿಯಾಯಿತು. ಮಾಲೀಕ ಯಾರೆಂದು ಹೊರಗಿನ ಫಲಕ ಹೇಳುವುದಿಲ್ಲವಲ್ಲ!

ಆ ಹೆಸರೂ ಸುಲಭವಾಗಿ ದಕ್ಕಲಿಲ್ಲ. ತಾರತಮ್ಯದ ವಿರುದ್ಧ 1989ರಲ್ಲಿ ಅಟ್ಲಾಂಟಾದಲ್ಲಿ ಏಷ್ಯನ್ ಅಮೆರಿಕನ್ ಹೋಟೆಲ್ ಮಾಲೀಕರ ಸಂಘ ಹುಟ್ಟಿತು. ಬಾಗಿಲು ತೆರೆಯಿತು, ಒಳಗೆ ಹೋದ ಮೇಲೆ ಒಪ್ಪಂದದ ಸಣ್ಣ ಅಕ್ಷರಗಳು ಕಾಡತೊಡಗಿದವು. ವಾಣಿಜ್ಯ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ನೀವು ಸಾಲ ಮಾಡಿ ಹೋಟೆಲ್ ಕಟ್ಟಿದ್ದೀರಿ. ಅದೇ ಹೆಸರನ್ನು ಕಂಪನಿ ಪಕ್ಕದ ರಸ್ತೆಯಲ್ಲಿ ಇನ್ನೊಬ್ಬರಿಗೆ ಕೊಟ್ಟರೆ? ಅವಧಿಗೆ ಮೊದಲೇ ಹೊರಬರಲು ದೊಡ್ಡ ದಂಡ ತೆರಬೇಕೆಂದರೆ? ಸಾಮಾನುಗಳನ್ನು ತಾನು ಹೇಳಿದ ಕಡೆಯೇ ಕೊಳ್ಳಬೇಕೆಂದರೆ? ಗಿರಾಕಿ ಬರಲಿ, ಬಿಡಲಿ, ಬ್ಯಾಂಕಿನ ಕಂತು ನಿಮ್ಮದೇ.

ಈ ಪ್ರಶ್ನೆಗಳನ್ನೆಲ್ಲ ಸೇರಿಸಿ ಸಂಘವು 1998ರಲ್ಲಿ ನ್ಯಾಯಯುತ ಫ್ರಾಂಚೈಸಿಗಾಗಿ 12 ಅಂಶಗಳನ್ನು ಪ್ರಕಟಿಸಿತು. ಅದು ಕಾನೂನಲ್ಲ, ಬೇಡಿಕೆ ಮಾತ್ರ. ಆದರೂ ಒಬ್ಬೊಬ್ಬರಾಗಿ ಸಹಿ ಹಾಕುತ್ತಿದ್ದವರು ಒಟ್ಟಾಗಿ ಷರತ್ತು ಮುಂದಿಟ್ಟರು. ಕೊನೆಯ ಅಂಶ, ಕಂಪನಿಯು ಬ್ರ್ಯಾಂಡನ್ನೇ ಇನ್ನೊಬ್ಬರಿಗೆ ಮಾರಿದಾಗ ಫಲಕದ ಕೆಳಗಿರುವ ಮಾಲೀಕರ ಗತಿ ಏನು ಎಂಬುದನ್ನು ಕುರಿತದ್ದು. ಹಾಲಿಡೇ ಇನ್ ಹೆಸರು ಆ ವೇಳೆಗಾಗಲೇ ಬ್ರಿಟನ್ನಿನ ಬ್ಯಾಸ್ ಕಂಪನಿಯ ಪಾಲಾಗಿತ್ತು.